ರಾಜಕುಮಾರಿಯ ಕೈ

ಮ್ಯಾಡ್ರಿಡ್ಡಿನ ನಮ್ಮ ಓಣಿಯ ರೊಟ್ಟಿ ಭಟ್ಟಿಯ ಮುಂದೆ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಅರಮನೆಯ ಬಟ್ಟೆ ಒಗೆಯುವ ಅಲ್ದೊನ್ಸಾ, ಕಪ್ಪು ಬಟ್ಟೆಯಲ್ಲಿ. ಪಕ್ಕದಲ್ಲಿ ನೆರೆಮನೆಯ ಬ್ರಿಹಿದಾ.

"ರಾಜಕುಮಾರಿ ಚಿತ್ರ ಮುಗೀತಂತಲ್ಲೇ?" ಬ್ರಿಹಿದಾ ಕೇಳಿದಳು.

"ಮುಗೀತಕ್ಕ. ಮುಖ ಮಾತ್ರ ಅವಳದ್ದು. ಅವಳೆಲ್ಲಿ ಒಂದು ಗಳಿಗೆ ಸುಮ್ನೆ ನಿಲ್ತಾಳೆ? ಆ ಭಾರದ ಲಂಗ ತೊಟ್ಕೊಂಡು ಹದಿನೈದು ದಿನ ನಿಂತಿದ್ದು ನನ್ನ ಮಗಳು ಕಸಿಲ್ದಾ. ಕೈ ಪೂರ್ತಿ ಇವಳದ್ದೇ."

"ಹೆಬ್ಬೆರಳಲ್ಲಿ ಸುಟ್ಟ ಕಲೆ ಇತ್ತಲ್ಲ?"

"ಚಿತ್ರಕಾರ ಅದರ ಮೇಲೊಂದು ಗುಲಾಬಿ ಬರೆದ. ರಾಜಕುಮಾರಿ ಯಾವ ಒಲೆ ಉರಿಸಿದ್ಲು, ಕಲೆ ಇರಕ್ಕೆ?"

"ನೀನು ನೋಡಿದ್ಯಾ?"

"ಕಸಿಲ್ದಾನ ಜ್ವರ ತಗೊಂಡು ಹೋಯ್ತಲ್ಲ, ಮಣ್ಣು ಮಾಡಿದ ಮಾರನೇ ದಿನಾನೇ ಹೋದೆ. ಒಂದ್ಸಲ ಆ ಕೈ ಮುಟ್ತೀನಿ ಅಂದೆ. ಬಣ್ಣ ಇನ್ನೂ ಹಸಿ, ದೂರ ನಿಲ್ಲು ಅಂದ."

"ಈಗ ಒಣಗಿರತ್ತೆ, ಹೋಗಿ ಕೇಳೇ."

"ನಿನ್ನೇನೇ ವಿಯೆನ್ನಾಗೆ ಹೋಯ್ತು, ಮದುವೆ ಗಂಡಿನ ಹತ್ರ. ಚಿತ್ರ ಬಿಚ್ಚಿದ ಕೂಡ್ಲೇ ಅವನು ಆ ಕೈಗೆ ಮುತ್ತಿಡಬೇಕಂತೆ. ಅದು ಅವರ ಪದ್ಧತಿ."

ಅಲ್ದೊನ್ಸಾ ಬಿಸಿ ರೊಟ್ಟಿಯನ್ನು ಶಾಲಿನಲ್ಲಿ ಸುತ್ತಿಕೊಂಡಳು.

"ಅವನಾದ್ರೂ ಮುತ್ತಿಡ್ಲಿ ಬಿಡಕ್ಕ," ಎನ್ನುತ್ತ ಓಣಿಯ ತಿರುವಿನತ್ತ ನಡೆದಳು.