ಹೀಟರ್ ಬಟನ್

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಅವನು ಕಾರುಗಳ ವೈರಿಂಗ್ ಮೇಸ್ತ್ರಿ. ದೆವ್ವ ಅಂದ್ರೆ "ಎಲ್ಲೋ ಲೂಸ್ ಕನೆಕ್ಷನ್ ಇರ್ಬೇಕು" ಅಂತ ನಗೋ ಆಸಾಮಿ.

ಅವತ್ತು ರಾತ್ರಿ ಗ್ಯಾರೇಜಿನ ಶಟರ್ ಎಳೆದು, ಹಳೇ ಬಾವಿ ಪಕ್ಕದ ದಾರಿ ಹಿಡಿದು ಮನೆಗೆ ಹೊರಟಿದ್ದ. ಹೆಗಲಿಗೆ ಚೀಲ. ಚೀಲದಲ್ಲಿ ಇದ್ದಿದ್ದು ಒಂದೇ ಸಾಮಾನು... ಹಳೇ ಕಾರೊಂದರ ಏಸಿ, ಹೀಟರ್ ಬಟನ್‌ಗಳ ಪ್ಯಾನೆಲ್ಲು.

ಕಾರು ಒಬ್ಬ ನರ್ಸಮ್ಮಂದು. ಸಂಜೆ ತಂದು ನಿಲ್ಲಿಸಿದ್ದರು.

"ಏಸಿ ಬರುತ್ತೆ. ಹೀಟರ್ ಬಟನ್ ಒತ್ತಿದ್ರೆ ಮಾತ್ರ ಏನೂ ಬರಲ್ಲ."

"ಯಾವಾಗಿಂದ ಮೇಡಂ?"

"ಹೋದ ತಿಂಗಳು. ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಚಳಿ, ಚಳಿ ಅಂತಿದ್ರು. ತಾವೇ ಬಟನ್ ಒತ್ತಿದ್ರು. ಒತ್ತುತ್ತಾನೇ ಇದ್ರು... ಆಸ್ಪತ್ರೆ ಗೇಟ್ ಹತ್ರ ಬರೋಷ್ಟರಲ್ಲಿ ಕೈ ನಿಂತಿತ್ತು, ಉಸಿರೂ."

ಔಷಧಿ ಚೀಟಿ ಓದಿದ ಹಾಗೆ ಹೇಳಿದರು. ಕಣ್ಣಲ್ಲಿ ನೀರಿಲ್ಲ, ದನಿಯಲ್ಲಿ ನಡುಕವಿಲ್ಲ. "ಫ್ಯೂಸ್ ನೋಡ್ತೀನಿ" ಅಂದ ಇವನು.

ಫ್ಯೂಸ್ ಸರಿಯಿತ್ತು. ಫ್ಯಾನೂ ತಿರುಗುತ್ತಿತ್ತು. ತೊಂದರೆ ಬಟನ್‌ನಲ್ಲೇ ಅಂತ ಪ್ಯಾನೆಲ್ ಬಿಚ್ಚಿ, ಮನೇಲಿ ಕೂತು ನೋಡೋಣ ಅಂತ ಚೀಲಕ್ಕೆ ಹಾಕಿಕೊಂಡಿದ್ದ.

ಬಾವಿ ಕಟ್ಟೆ ದಾಟಿದ. ಟಿಕ್...

ನಿಂತ. ಸದ್ದಿಲ್ಲ. ಹೆಜ್ಜೆ ಹಾಕಿದ. ಟಿಕ್. ಟಿಕ್. ಚೀಲ ಅಲ್ಲಾಡ್ತಿದೆ ಅಂತ ಎದೆಗೆ ಅವಚಿಕೊಂಡ. ಟಿಕ್... ಟಿಕ್ ಟಿಕ್... ಈಗ ಪಕ್ಕೆಲುಬಿಗೇ ತಾಗಿತು. ಅಲ್ಲಿಂದ ಮನೆವರೆಗೂ ಅವನು ತಿರುಗಿ ನೋಡಲಿಲ್ಲ.

ಪ್ಯಾನೆಲ್ ತೆಗೆದು ಮೇಜಿನ ಮೇಲಿಟ್ಟ. ಹೆಂಡತಿ ಪಕ್ಕ ಬಂದು ನಿಂತಳು.

"ಏನ್ರೀ ಸದ್ದು?" ಪಿಸುಗುಟ್ಟಿದಳು.

"ಬಟನ್ನು."

"ಯಾರು ಒತ್ತುತ್ತಿರೋದು?"

ಇಬ್ಬರ ಕಣ್ಣೆದುರೇ ಹೀಟರ್ ಬಟನ್ ಒಳಗೆ ಹೋಯ್ತು... ಮೇಲೆ ಬಂತು. ಟಿಕ್. ವೈರಿಲ್ಲ, ಬ್ಯಾಟರಿಯಿಲ್ಲ.

"ಹೊರಗೆ ಎಸೀರಿ ಅದನ್ನ."

"ಎಸೆದು ಆಯಮ್ಮಂಗೆ ಏನಂತ ಹೇಳ್ಲಿ?"

ಭಯ ಆಯ್ತೇನೋ ಅಂತ ಕೇಳಿದ್ರೆ, ಇಲ್ಲ ಅಂತಾನೆ. ಏನೂ ಅನ್ನಿಸಲಿಲ್ಲವಂತೆ, ಕೆಲಸ ಮುಗಿಸಬೇಕು ಅನ್ನೋದೊಂದು ಬಿಟ್ಟು. ಸ್ಪಿರಿಟ್ ಹಾಕಿ ಬಟನ್ ತೊಳೆದ. ನಿಲ್ಲಲಿಲ್ಲ. ಹಿಂದಿನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಬೆಳಕಿಗೆ ಹಿಡಿದ. ಒಂದು ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಸುಗೆ ಹಾಕೋ ಬಿಸಿ ಕಡ್ಡಿ ಮುಟ್ಟಿಸಿದ. ಚುಸ್...

ಅಷ್ಟೇ. ಬಟನ್ ಮತ್ತೆ ಅಲ್ಲಾಡಲಿಲ್ಲ.

ಬೆಳಗ್ಗೆ ಪ್ಯಾನೆಲ್ ಕೂರಿಸಿದ. ನರ್ಸಮ್ಮ ಸ್ಟಿಯರಿಂಗ್ ಮುಂದೆ ಕೂತು ಇಂಜಿನ್ ಚಾಲೂ ಮಾಡಿದರು. ಬಟನ್ ಒತ್ತಿದರು. ಹಸಿರು ದೀಪ ಹತ್ತಿತು. ಹೂss ಅಂತ ಬಿಸಿಗಾಳಿ ಬಂತು.

"ಬಂತು" ಅಂದರು.

"ಒಂದು ಬೆಸುಗೆ ಬಿಟ್ಟಿತ್ತು ಮೇಡಂ, ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಆಕೆ ತುಂಬಾ ಹೊತ್ತು ಆ ಗಾಳಿಗೆ ಅಂಗೈ ಒಡ್ಡಿ ಕೂತಿದ್ದರು. ಆಮೇಲೆ ಪಕ್ಕದ ಖಾಲಿ ಸೀಟಿನ ಕಡೆ ಬಾಗಿ, ಅಲ್ಲಿನ ಬೆಲ್ಟ್ ಎಳೆದು ಸಿಕ್ಕಿಸಿದರು. ಮುಖ ಹಾಗೇ ಇತ್ತು.

ಕಾರು ಹೊರಡೋ ಮುಂಚೆ ಅವನು ಹೊರಗೆ, ಖಾಲಿ ಸೀಟಿನ ಕಡೆ ನಿಂತಿದ್ದ. ಆ ಕಿಟಕಿ ಗಾಜಿನ ಮೇಲೆ ಅಂಗೈಯಗಲ ಮಂಜು. ಆರಿತು... ಮತ್ತೆ ಕಟ್ಟಿತು. ಮತ್ತೆ ಆರಿತು, ಯಾರೋ ಉಸಿರಾಡಿದ ಹಾಗೆ. ಇದು ನಡೆದಿದ್ದೇ ಕಣ್ರೀ, ನಾನೇನೂ ಸೇರಿಸಿಲ್ಲ. ಅವನು ತೋಳಿಂದ ಗಾಜು ಒರೆಸಿಯೂ ನೋಡಿದ್ದಾನೆ. ಹೋಗಲಿಲ್ಲ. ಮಂಜು ಕಟ್ಟಿದ್ದು ಒಳಗಡೆಯಿಂದ.