ಪೂರ್ವದ ಬೆಂಚಿನಿಂದ ಕಂಡ ನವೆಂಬರ್

ಹ್ಯಾವನ್ಸ್‌ಬರ್ಗ್ ಕಾಲೇಜಿನ ಕ್ರೀಡಾಭಿಮಾನಿ ಸಂಘದ ಅಧ್ಯಕ್ಷರೂ ನನ್ನ ಬಾಲ್ಯದ ಗೆಳೆಯರೂ ಆದ ಗೇಲನ್ ಬ್ರಾಂಟ್ ಅವರೇ, ಮುಖ್ಯ ಅತಿಥಿಯಾಗಿ ಬಂದಿರುವ ಕಾಲೇಜಿನ ಹೊಸ ಮುಖ್ಯಸ್ಥೆ ಡಾಕ್ಟರ್ ಮಾರ್ಗೋ ಟ್ರೆಂಬ್ಲೆ ಅವರೇ, ಕೋಚ್ ಮಹಾಶಯರೇ, ಅಡುಗೆಮನೆಯಲ್ಲಿ ಇನ್ನೂ ಸೌಟು ಹಿಡಿದು ನಿಂತಿರುವ ತಾಯಂದಿರೇ, ಬೀನ್ಸು ಮಾಂಸದ ಚಿಲಿಯನ್ನೂ ದಾಲ್ಚಿನ್ನಿ ರೋಲನ್ನೂ ಮುಗಿಸಿ ಈಗ ಬೆಲ್ಟು ಸಡಿಲಿಸಿ ಕುಳಿತಿರುವ ಸಭಿಕರೇ,

ಪ್ರತಿ ಆಗಸ್ಟಿನಲ್ಲಿ ಫುಟ್‌ಬಾಲ್ ಆರಂಭವಾಗುವ ಮೊದಲು ಈ ಮೈಕು ನನ್ನ ಕೈಗೆ ಬರುತ್ತದೆ. ಚಳಿಗಾಲದೊಳಗೆ ಫುಟ್‌ಬಾಲಿನಲ್ಲಿ ಏನಾಗುತ್ತದೆ, ವಸಂತದಲ್ಲಿ ಬೇಸ್‌ಬಾಲಿನಲ್ಲಿ ಏನಾಗುತ್ತದೆ ಎಂದು ಎಲ್ಡನ್ ನೊವಾಟ್ನಿ ಎದ್ದು ನಿಂತು ಭವಿಷ್ಯ ಹೇಳುತ್ತಾನೆ, ನೀವು ನಗುತ್ತೀರಿ. ನಾನು ಹೇಳಿದ್ದರಲ್ಲಿ ನಿಜವಾದದ್ದೇ ಹೆಚ್ಚು. ಸುಳ್ಳಾದದ್ದಕ್ಕೆ ಅಂಪೈರುಗಳು ಕಾರಣ. ಇದನ್ನು ಯಾರಾದರೂ ಅಲ್ಲಗಳೆಯುವಿರಾ? ಯಾರೂ ಇಲ್ಲ. ಒಳ್ಳೆಯದು.

ಆದರೆ ಈ ರಾತ್ರಿ ನೀವು ಬಂದಿರುವುದು ಭವಿಷ್ಯ ಕೇಳಲಿಕ್ಕಲ್ಲ ಎಂಬುದು ನನಗೆ ಗೊತ್ತು. ಬಾಗಿಲಲ್ಲೇ ಗೇಲನ್ ನನ್ನ ತೋಳು ಹಿಡಿದು ಕೇಳಿದ: "ಎಲ್ಡನ್, ಭವಿಷ್ಯ ಆಮೇಲೆ ಹೇಳುವಿಯಂತೆ. ನವೆಂಬರ್ ಮ್ಯಾಚಿಗೆ ಯಾವ ಕಡೆ ಕೂತ್ಕೋತೀಯ, ಅದನ್ನ ಮೊದಲು ಬೊಗಳು. ಊರೆಲ್ಲ ಮಾತಾಡ್ತಿದೆ." ನಮ್ಮ ಸಂಘದ ನಿಯಮ ಸರಳವಾದದ್ದು. ಪ್ರೇರಿ ಫೋರ್ಕ್ ಕಾಲೇಜಿನ ವಿರುದ್ಧದ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಸದಸ್ಯ ಪೂರ್ವದ ಬೆಂಚಿನಲ್ಲಿ, ಅಂದರೆ ಅವರ ಜನರ ನಡುವೆ ಕುಳಿತರೆ, ಪಶ್ಚಿಮದ ಕಡೆಯ ಅವನ ಕಾಯಂ ಆಸನಗಳು ಸರದಿಯಲ್ಲಿರುವವರಿಗೆ ಹೋಗುತ್ತವೆ. ಮರಳಿ ಸಿಗುವುದಿಲ್ಲ. ನನ್ನವು ಎರಡು ಆಸನ. ಒಂದು ನನ್ನದು, ಒಂದು ನನ್ನ ಹೆಂಡತಿ ಆರ್ಡಿತ್‌ಳದು. ಅವಳು ತೀರಿಕೊಂಡು ಎರಡು ವರ್ಷವಾದರೂ ಎರಡಕ್ಕೂ ನಾನೇ ಹಣ ಕಟ್ಟುತ್ತಿದ್ದೇನೆ.

ಉತ್ತರ ಕೊಡುತ್ತೇನೆ. ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೆ ಎಲ್ಲವೂ ಕ್ರಮವಾಗಿ ನಡೆಯಲಿ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಭಾಷಣಕ್ಕೆ ಮೂರು ಭಾಗಗಳಿವೆ ಎನ್ನುತ್ತಿದ್ದರು. ಆರಂಭದ ಪಾಠ ನೆನಪಿದೆ, ಅಂತ್ಯದ ಪಾಠ ನೆನಪಿದೆ. ನಡುವಿನ ಪಾಠದ ದಿನ ನಾನು ಮೈದಾನದಲ್ಲಿದ್ದೆ.

ಮೊದಲು ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ನಮ್ಮ ಅಮೆರಿಕದ ಫುಟ್‌ಬಾಲ್. ಕೋಚ್ ಮಹಾಶಯರೇ, ನೀವು ಈ ವರ್ಷ ಚೆಂಡನ್ನು ಹೆಚ್ಚು ಎಸೆಯುತ್ತೀರಂತೆ. ಕೋಲ್ಬಿ ರೆಮ್ಮರ್ಸ್‌ನ ಎಡಗೈ ಒಳ್ಳೆಯದು, ಒಪ್ಪಿದೆ. ವಸಂತದಲ್ಲಿ ಬೇಸ್‌ಬಾಲ್ ಎಸೆಯುವವನೂ ಅವನೇ, ಶರತ್ಕಾಲದಲ್ಲಿ ಫುಟ್‌ಬಾಲ್ ತಂಡ ನಡೆಸುವವನೂ ಅವನೇ. ಸಣ್ಣ ಕಾಲೇಜಿನ ಭಾಗ್ಯ ಇದು. ಆದರೆ ಇದು ನೆಬ್ರಾಸ್ಕಾ. ಅಕ್ಟೋಬರ್ ಕಳೆದ ಮೇಲೆ ಇಲ್ಲಿ ಬೀಸುವ ಗಾಳಿಗೆ ಎಸೆದ ಚೆಂಡು ಎಲ್ಲಿ ಬೀಳುತ್ತದೆಂದು ಎಸೆದವನಿಗೂ ತಿಳಿಯದು, ಹಿಡಿಯುವವನಿಗೂ ತಿಳಿಯದು. ಚೆಂಡನ್ನು ಎದೆಗೆ ಅವಚಿಕೊಂಡು, ತಲೆ ತಗ್ಗಿಸಿ, ನಡುಮಧ್ಯದಲ್ಲಿ ನುಗ್ಗುವುದಕ್ಕೆ ಗಾಳಿಯ ಅನುಮತಿ ಬೇಕೆ? ಬೇಡ. ನಮ್ಮ ಮುಂದಿನ ಸಾಲಿನ ಹುಡುಗರು ಹೋರಿಗಳ ಹಾಗಿದ್ದಾರೆ. ಅವರ ಬೆನ್ನ ಹಿಂದೆ ಓಡಿ, ಓಡಿ, ಮತ್ತೆ ಓಡಿ. ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದಾದ ನಾಲ್ಕನೆಯ ಯತ್ನದಲ್ಲಿ ಒಂದೇ ಗಜ ಬಾಕಿಯಿದ್ದಾಗ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸುವ ಕೋಚನ್ನು ನಾನು ಈ ಜನ್ಮದಲ್ಲಿ ಕ್ಷಮಿಸಲಾರೆ. ನೀವು ಹಾಗೆ ಮಾಡುವುದಿಲ್ಲ ಎಂದು ನಂಬಿದ್ದೇನೆ.

ಭವಿಷ್ಯ ಹೀಗಿದೆ. ಮೊದಲ ಮೂರು ಪಂದ್ಯಗಳನ್ನು ಬೆವರಿಲ್ಲದೆ ಗೆಲ್ಲುತ್ತೇವೆ. ಆಟರ್ ಕ್ರೀಕ್‌ನಲ್ಲಿ ಸೋಲುತ್ತೇವೆ, ಏಕೆಂದರೆ ಅಲ್ಲಿ ಯಾವಾಗಲೂ ಸೋಲುತ್ತೇವೆ. ಅವರ ಮೈದಾನ ಒಂದು ಕಡೆಗೆ ಇಳಿಜಾರಾಗಿದೆ, ಅದನ್ನು ಅವರು ಒಪ್ಪುವುದಿಲ್ಲ. ಆಮೇಲೆ ನವೆಂಬರಿನವರೆಗೆ ನಮ್ಮನ್ನು ತಡೆಯುವವರಿಲ್ಲ.

ಬೇಸ್‌ಬಾಲಿನ ವಿಷಯಕ್ಕೆ ಬಂದರೆ ಏಪ್ರಿಲ್‌ನ ಪ್ರಸಂಗವನ್ನು ಮುಟ್ಟದೆ ಮುಂದೆ ಹೋಗುವ ಹಾಗಿಲ್ಲ. ಡಾಕ್ಟರ್ ಟ್ರೆಂಬ್ಲೆ ಮೇಡಂ ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಉತ್ತರದ ದೇಶದಿಂದ ಬಂದವರು. ಅವರಿಗಾಗಿ ಹೇಳುತ್ತೇನೆ, ಉಳಿದವರು ಕಾಫಿ ಕುಡಿಯಿರಿ. ಒಬ್ಬ ಎಸೆತಗಾರ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೇ ಒಂದು ಒಳ್ಳೆಯ ಹೊಡೆತವನ್ನೂ ಕೊಡದೆ ಆಟ ಮುಗಿಸುವುದು ಬೇಸ್‌ಬಾಲಿನಲ್ಲಿ ಮಹಾ ಅಪರೂಪದ ಸಂಗತಿ. ಅಂಥದ್ದು ನಡೆಯುತ್ತಿರುವಾಗ ಯಾರೂ ಅದರ ಸುದ್ದಿ ಎತ್ತಬಾರದು. ಜೊತೆಯ ಆಟಗಾರರು ಅವನ ಪಕ್ಕ ಕೂರುವುದಿಲ್ಲ, ಅವನ ಮುಖ ನೋಡುವುದಿಲ್ಲ. ನೋಡುವ ಜನ ಮಳೆಯ ಬಗ್ಗೆ, ಜೋಳದ ಬಿತ್ತನೆಯ ಬಗ್ಗೆ ಮಾತಾಡುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಆಟ ಕೆಡುತ್ತದೆ ಎಂಬ ನಂಬಿಕೆ.

ಆ ಶನಿವಾರ ಪ್ರೇರಿ ಫೋರ್ಕ್‌ನವರ ಎದುರು ಒಂಬತ್ತರಲ್ಲಿ ಏಳು ಇನ್ನಿಂಗ್ಸ್ ಮುಗಿದರೂ ಕೋಲ್ಬಿ ಒಂದು ಹೊಡೆತವನ್ನೂ ಕೊಟ್ಟಿರಲಿಲ್ಲ. ಗೇಲನ್ ನನ್ನ ಬಲಕ್ಕೆ ಕುಳಿತು ತನ್ನ ಟ್ರ್ಯಾಕ್ಟರಿನ ಎಣ್ಣೆ ಸೋರಿಕೆಯನ್ನು ವರ್ಣಿಸುತ್ತಿದ್ದ. ಎಂಟನೆಯ ಇನ್ನಿಂಗ್ಸಿನಲ್ಲಿ ಹುಡುಗ ಒಬ್ಬ ದಾಂಡಿಗನನ್ನು ಎಷ್ಟು ಚೆಂದವಾಗಿ ಏಮಾರಿಸಿದನೆಂದರೆ, ನಾನು ಎಡಕ್ಕೆ ತಿರುಗಿ, "ನೋಡಿದ್ಯೇನೇ ಆರ್ಡಿತ್, ಹುಡುಗ ಇನ್ನೂ ಒಂದು ಹೊಡೆತಾನೂ ಕೊಟ್ಟಿಲ್ಲ ಕಣೇ!" ಎಂದುಬಿಟ್ಟೆ. ಜೋರಾಗಿಯೇ ಅಂದೆ. ಅವಳಿಗೆ ಬಲಗಿವಿ ಮಂದವಾಗಿತ್ತು, ನನಗೆ ಜೋರಾಗಿ ಹೇಳಿ ಅಭ್ಯಾಸ.

ಮುಂದಿನ ಚೆಂಡಿಗೇ ಹೊಡೆತ ಬಿತ್ತು.

ನನ್ನ ಅಭಿಪ್ರಾಯವನ್ನು ಇಂದೂ ಬದಲಿಸುವುದಿಲ್ಲ. ಆ ಚೆಂಡು ತಿರುಗಲಿಲ್ಲ, ಹೊಟ್ಟೆಯ ಎತ್ತರದಲ್ಲಿ ತೇಲುತ್ತ ಬಂತು, ನನ್ನ ಸೋದರತ್ತೆಯೂ ಅದನ್ನು ಬಾರಿಸುತ್ತಿದ್ದಳು. ನನ್ನ ಮಾತಿಗೆ ಅಷ್ಟು ಶಕ್ತಿ ಇದ್ದಿದ್ದರೆ ಆಟರ್ ಕ್ರೀಕ್‌ನಲ್ಲಿ ನಾವು ಯಾಕೆ ಸೋಲುತ್ತಿದ್ದೆವು? ಆದರೆ ಪದ್ಧತಿ ಎಂದರೆ ಪದ್ಧತಿ. ಮೌನ ಮುರಿದವನು ಬೇಸ್‌ಬಾಲ್ ಮುಗಿಯುವವರೆಗೆ ಎದುರಾಳಿಗಳ ಬೆಂಚಿನಲ್ಲಿ ಕೂರಬೇಕು. ಮರುದಿನ ಅವರ ಜೊತೆಗೇ ಎರಡನೆಯ ಪಂದ್ಯವಿತ್ತು; ಗೇಲನ್ ನನ್ನನ್ನು ಅವರ ಬೆಂಚಿನವರೆಗೆ ನಡೆಸಿಕೊಂಡು ಹೋಗಿ, ಎಲ್ಲರಿಗೂ ಕೇಳುವಂತೆ, "ತಗೊಳ್ಳಿ, ಇವನು ಇನ್ನು ನಿಮ್ಮ ಆಸ್ತಿ" ಎಂದು ಬಿಟ್ಟುಬಂದ. ನೀವು ಚಪ್ಪಾಳೆ ತಟ್ಟಿದಿರಿ. ನಾನು ಯಾರಿಗೆ ಹಾಗೆ ಹೇಳಿದೆ ಎಂಬುದನ್ನು ಮಾತ್ರ ನಿಮ್ಮಲ್ಲಿ ಒಬ್ಬರೂ ಎತ್ತಿ ಆಡಲಿಲ್ಲ. ಅದಕ್ಕೆ ನಾನು ನಿಮಗೆ ಋಣಿ.

ಆ ಬೆಂಚಿನಲ್ಲಿ ಒಬ್ಬ ಹೆಂಗಸು ಕಾಗದದ ಲೋಟದಲ್ಲಿ ಸೂರ್ಯಕಾಂತಿ ಬೀಜ ಇಟ್ಟುಕೊಂಡು ಕುಳಿತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರೀ, ನಿನ್ನೆ ಬಾಯಿ ಬಿಟ್ಟೋರು ನೀವೇನಾ?"

"ಹೌದು, ನಾನೇ."

"ಹಾಗಾದ್ರೆ ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಿಮ್ಮ ಹುಡುಗ ಎಸೆಯೋಕೆ ಬಂದಾಗೆಲ್ಲ ಹಾಗೇ ಬಾಯಿ ಬಿಡ್ತಾ ಇರಿ. ಬೀಜ ನಾನು ಕೊಡ್ತೀನಿ."

ಅವರೇ ಫರ್ನ್ ಡಿಟ್ಮರ್. ಪ್ರೇರಿ ಫೋರ್ಕ್‌ನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಗಂಡ ತೀರಿಹೋಗಿ ಬಹಳ ಕಾಲವಾಗಿದೆ. ಇಷ್ಟು ಹೇಳಿದರೆ ಸಾಕು, ಭಾಷಣ ಅವರ ಬಗ್ಗೆ ಅಲ್ಲ.

ಬೇಸ್‌ಬಾಲ್ ಮೇ ತಿಂಗಳಲ್ಲಿ ಮುಗಿಯಿತು, ಶಿಕ್ಷೆಯೂ ಮುಗಿಯಿತು. ಆಮೇಲೆ ನನ್ನ ಗಾಡಿ ಪ್ರೇರಿ ಫೋರ್ಕ್‌ನ ರಸ್ತೆಯಲ್ಲಿ ಕಂಡಿತೆಂದು ಊರಲ್ಲಿ ಮಾತಿದೆ. ಕಂಡಿರಬಹುದು. ನವೆಂಬರಿನ ಎದುರಾಳಿಯನ್ನು ಅಧ್ಯಯನ ಮಾಡದೆ ಭವಿಷ್ಯ ಹೇಳುವುದು ಸಭೆಗೆ ಮಾಡುವ ಅಪಚಾರವಲ್ಲವೇ? ಜೂನ್‌ನಲ್ಲಿ ಯಾವ ಆಟವೂ ಇರುವುದಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ಮೈದಾನದ ಹುಲ್ಲು ನೋಡಬೇಕಿತ್ತು. ಜುಲೈನಲ್ಲಿ? ಜುಲೈನಲ್ಲಿಯೂ ಹುಲ್ಲು ಬೆಳೆಯುತ್ತದೆ. ಹಿಂದಿನ ಸಾಲಿನಲ್ಲಿ ನಗುತ್ತಿರುವವರು ಯಾರೆಂದು ನನಗೆ ಕಾಣುತ್ತಿದೆ.

ಅಧ್ಯಯನದ ಫಲ ಕೇಳಿ. ಪ್ರೇರಿ ಫೋರ್ಕ್‌ನ ಕೊಕ್ಕರೆಗಳು, ಅವರ ತಂಡದ ಹೆಸರೇ ಕೊಕ್ಕರೆ ಮೇಡಂ, ಈ ವರ್ಷ ಬಲವಾಗಿದ್ದಾರೆ. ಚೆಂಡು ಒದೆಯುವ ಅವರ ಹುಡುಗನಿಗೆ ದೂರ ಇದೆ, ದಿಕ್ಕಿಲ್ಲ. ಚಿಕ್ಕವನಿದ್ದಾಗ ಬಸ್ಸಿನಲ್ಲಿ ಸಹ ಅವನು ಎಸೆದ ಊಟದ ಚೀಲ ಎಂದೂ ಗೆಳೆಯನ ಕೈಗೆ ಬೀಳುತ್ತಿರಲಿಲ್ಲವಂತೆ. ಅವರ ಎಡಬದಿಯ ರಕ್ಷಣೆ ಪಂದ್ಯದ ಎರಡನೆಯ ಅರ್ಧದಲ್ಲಿ ಊಟವಾದವರ ಹಾಗೆ ನಿಧಾನವಾಗುತ್ತದೆ. ಇಂಥ ವಿವರ ನಿಮಗೆ ಬೇರೆ ಯಾರು ತಂದುಕೊಡುತ್ತಾರೆ?

ಆದರೆ ಫರ್ನ್ ಅವರಿಗೆ ಬೇಸ್‌ಬಾಲಿನ ವಿಷಯದಲ್ಲಿ ತಪ್ಪು ಅಭಿಪ್ರಾಯಗಳಿವೆ. ಬ್ಯಾಟನ್ನು ಚೆಂಡಿಗೆ ಸುಮ್ಮನೆ ತಾಗಿಸಿ, ತಾನು ಔಟಾಗಿ, ಮುಂದೆ ನಿಂತ ಜೊತೆಗಾರನನ್ನು ಒಂದು ಮನೆ ಮುಂದಕ್ಕೆ ದೂಡುವ ಆ ಹೇಡಿ ಆಟ ಇದೆಯಲ್ಲ, ಅದನ್ನು ನಾನು ಮೊದಲಿನಿಂದಲೂ ಖಂಡಿಸಿದ್ದೇನೆ. ಕೈಯಲ್ಲಿರುವ ಒಂದು ಔಟನ್ನು ದಾನ ಮಾಡುವುದೇ? ಇದನ್ನು ಹೇಳಿದಾಗ ಅವರು ಬೀಜದ ಸಿಪ್ಪೆ ಉಗುಳಿ, "ತಪ್ಪು" ಎಂದರು.

"ಏನು ತಪ್ಪು?"

"ನೀವು ಹೇಳಿದ್ದೆಲ್ಲ ತಪ್ಪು. ಮುಂದಿನೋನು ಹೊಡೀತಾನೆ ಅಂತ ನಂಬಿಕೆ ಇದ್ರೆ ತಾನು ಔಟಾಗೋಕೆ ಏನ್ರೀ ಕಷ್ಟ? ನಿಮ್ಮ ತಂಡದಲ್ಲಿ ಎಲ್ಲರೂ ತಾವೇ ಹೀರೋ ಆಗ್ಬೇಕು ಅಂತಾರೆ, ಅದಕ್ಕೇ ಮೂರನೇ ಜಾಗದಲ್ಲಿ ಇದ್ದೀರ."

"ಎರಡನೇ ಜಾಗ!"

"ಮೂರು. ಮನೆಗೆ ಹೋಗಿ ಪೇಪರ್ ನೋಡಿ."

ಮನೆಗೆ ಹೋಗಿ ನೋಡಿದೆ. ಮೂರೇ ಇತ್ತು.

ಸಭಿಕರೇ, ನಾನು ಖಾಲಿ ಕುರ್ಚಿಯೊಂದರ ಜೊತೆ ಎರಡು ವರ್ಷ ಆಟ ನೋಡಿದ್ದೇನೆ. ನಾನು ಹೇಳಿದ್ದಕ್ಕೆಲ್ಲ ಅದು ಸುಮ್ಮನೆ ಒಪ್ಪುತ್ತಿತ್ತು. ಆರ್ಡಿತ್ ಎಂದಾದರೂ ನನ್ನ ಮಾತು ಒಪ್ಪಿದ್ದುಂಟೇ? ನಿಮಗೆಲ್ಲ ಗೊತ್ತಲ್ಲ. "ರೀ, ಬಾಯಿ ಮುಚ್ಕೊಂಡು ಆಟ ನೋಡ್ರೀ, ಆ ಹುಡುಗನಿಗೆ ನಿಮ್ಮ ಸಲಹೆ ಕೇಳಿಸಲ್ಲ" ಎಂದು ಮೂರು ಸಾಲಿಗೆ ಕೇಳುವಂತೆ ಹೇಳುತ್ತಿದ್ದಳು. ಪಕ್ಕದಿಂದ ಯಾರೂ ತಪ್ಪು ಎನ್ನದೆ ಹೋದರೆ, ಮನುಷ್ಯ ತಾನು ಸರಿಯಾಗಿ ಹೇಳುತ್ತಿದ್ದೇನೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ನನ್ನ ಭವಿಷ್ಯಗಳು ಈಚೆಗೆ ಕೆಟ್ಟಿದ್ದು ಅದಕ್ಕೇ ಎಂದು ನನಗೆ ಈಗ ಅನ್ನಿಸುತ್ತಿದೆ. ಅಂಪೈರುಗಳನ್ನು ಸುಮ್ಮನೆ ಬೈದೆ.

ಗೇಲನ್, ಕೇಳು. ಉಳಿದ ಎಲ್ಲ ಪಂದ್ಯಗಳಿಗೆ ನಾನು ಪಶ್ಚಿಮದಲ್ಲೇ ಇರುತ್ತೇನೆ, ನೀವು ನಿಲ್ಲಲು ಬಿಟ್ಟ ಕಡೆ ನಿಂತು ಕೂಗುತ್ತೇನೆ. ನವೆಂಬರಿನಲ್ಲಿ ಪೂರ್ವದ ಬೆಂಚಿನಲ್ಲಿ ಕೂರುತ್ತೇನೆ. ನಿಯಮ ನಿಯಮವೇ. ಎರಡು ಆಸನಗಳನ್ನೂ ಸರದಿಯವರಿಗೆ ಕೊಟ್ಟುಬಿಡು. ಕಳೆದ ಚಳಿಗಾಲದಲ್ಲಿ ಮದುವೆಯಾದ ಆ ಪೋಸ್ಟಾಫೀಸಿನ ಜೋಡಿ ಸರದಿಯಲ್ಲಿ ಮುಂದಿದ್ದಾರೆ ಎಂದು ಕೇಳಿದೆ. ಸಂತೋಷ. ಅವರಿಬ್ಬರೂ ಸೂಪರ್ ಮಾರ್ಕೆಟ್ಟಿನಲ್ಲಿ ಸಹ ಜಗಳವಾಡುತ್ತಾರೆ. ಆ ಜಾಗಕ್ಕೆ ಅಂಥವರೇ ಬೇಕು.

ಯಾರೋ ನಿಟ್ಟುಸಿರು ಬಿಟ್ಟಿರಿ. ಬಿಡಬೇಡಿ. ನಾನು ಬಣ್ಣ ಬದಲಿಸಿಲ್ಲ. ಪೂರ್ವದಲ್ಲಿ ನಮ್ಮ ತಂಡದ ಹಸಿರು ಅಂಗಿ ತೊಟ್ಟು ಕೂರುವವನು ನಾನೊಬ್ಬನೇ ಇರುತ್ತೇನೆ, ದೂರದಿಂದಲೂ ಕಾಣುತ್ತೇನೆ. ನನ್ನ ಭವಿಷ್ಯವೂ ಬದಲಾಗಿಲ್ಲ. ನವೆಂಬರಿನಲ್ಲಿ ಪ್ರೇರಿ ಫೋರ್ಕನ್ನು ಇಪ್ಪತ್ತನಾಲ್ಕು ಇಪ್ಪತ್ತರಿಂದ ಸೋಲಿಸುತ್ತೇವೆ. ಕೊನೆಯ ನಿಮಿಷಗಳಲ್ಲಿ ಕೋಚ್ ಮಹಾಶಯರು ನಾಲ್ಕನೆಯ ಯತ್ನದಲ್ಲಿ ಓಡಿಸುತ್ತಾರೆ, ಒಂದು ಗಜ ಸಿಗುತ್ತದೆ, ಅಲ್ಲಿಂದ ಗೆಲುವು. ಬರುವ ವಸಂತದಲ್ಲಿ ಕೋಲ್ಬಿ ರೆಮ್ಮರ್ಸ್ ಒಂದೂ ಹೊಡೆತ ಕೊಡದೆ ಒಂದು ಪೂರ್ತಿ ಪಂದ್ಯ ಎಸೆಯುತ್ತಾನೆ. ಆಟ ಶುರುವಾಗುವ ಮೊದಲೇ ಹೇಳಿದರೆ ದೋಷವಿಲ್ಲ, ಹೆದರಬೇಡಿ.

ಈ ಭವಿಷ್ಯವನ್ನು ಫರ್ನ್ ಅವರಿಗೂ ಹೇಳಿ ನೋಡಿದ್ದೇನೆ. "ಇಪ್ಪತ್ತನಾಲ್ಕು ನಮ್ಮದು, ಇಪ್ಪತ್ತು ನಿಮ್ಮದು" ಎಂದರು.

ಇನ್ನು ನಿಲ್ಲಿಸಬೇಕು. ಅವರು ಹೊರಗೆ ಪಾರ್ಕಿಂಗ್‌ನಲ್ಲಿ ತಮ್ಮ ಪಿಕಪ್ಪಿನಲ್ಲಿ ಕುಳಿತಿದ್ದಾರೆ. ಒಳಗೆ ಬನ್ನಿ ಎಂದು ಕರೆದೆ. ಹಸಿರು ಬಾವುಟದ ಕೆಳಗೆ ಊಟ ಮಾಡುವುದಕ್ಕೆ ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಅಂಥ ಅಭಿಮಾನಿಯನ್ನು ನಾವು ಗೌರವಿಸಬೇಕೇ ಬೇಡವೇ? ಅಡುಗೆಮನೆಯ ತಾಯಂದಿರಲ್ಲಿ ಒಂದು ಬೇಡಿಕೆ: ಚಿಲಿ ಉಳಿದಿದ್ದರೆ ಒಂದು ಡಬ್ಬಿ ಕಟ್ಟಿಕೊಡಿ, ಮೇಲೆ ಎರಡು ರೋಲ್ ಇಡಿ. ಗೇಲನ್, ನೀನು ಅಲ್ಲೇ ಬಾಗಿಲ ಹತ್ತಿರ ಇದ್ದೀಯ. ಸಂಘದ ಅಧ್ಯಕ್ಷನಾಗಿ ಬೇಡ, ಗೆಳೆಯನಾಗಿ ನೀನೇ ಹೋಗಿ ಕೊಟ್ಟು ಬಾ.

ಓ, ಎದ್ದನಲ್ಲ! ಡಬ್ಬಿ ಬಿಸಿ ಇರುತ್ತದೆ, ತಳ ಹಿಡಿದುಕೋ ಮಾರಾಯ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ವೇದಿಕೆಗೂ ಸಭೆಗೂ, ಉಣ್ಣಿಸಿದ ಕೈಗಳಿಗೂ ನಾನು ಕೃತಜ್ಞ. ಹಸಿರಿಗೆ ಗೆಲುವಾಗಲಿ. ಎಲ್ಲರಿಗೂ ನಮಸ್ಕಾರ.