ಹಿಂದಿನ ಬೀದಿಯ ಡಬ್ಬಿ

ನಮ್ಮ ನಿಮ್ಮ ಊರಿನಂಥದೇ ಒಂದು ಊರು, ಶರಣರೇ. ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ. ಹೇಳಿದರೆ ನೀವೆಲ್ಲ ಕಥೆ ಬಿಟ್ಟು ಪಕ್ಕದವರ ಮುಖ ನೋಡಲು ಶುರು ಮಾಡುತ್ತೀರಿ.

ಆ ಸಾಹುಕಾರನಿಗೆ ಎರಡು ಕಾರಿದ್ದವು. ಆದರೆ ಜೀವವೆಲ್ಲ ಇದ್ದದ್ದು ಅಪ್ಪ ಓಡಿಸುತ್ತಿದ್ದ ಹಳೇ ಮೋಟಾರ್ ಸೈಕಲ್ಲಿನ ಮೇಲೆ. ವರ್ಷಕ್ಕೊಮ್ಮೆ, ಅಪ್ಪ ತೀರಿಕೊಂಡ ದಿನ, ಅದೇ ಗಾಡಿಯಲ್ಲಿ ಸಮಾಧಿಗೆ ಹೋಗಿ ಹೂವಿಟ್ಟು ಬರುತ್ತಿದ್ದ. ಒಮ್ಮೆಯೂ ತಪ್ಪಿಸಿರಲಿಲ್ಲ.

ಈ ಸಲ ಪುಣ್ಯಸ್ಮರಣೆಗೆ ಮೂರು ತಿಂಗಳಿರುವಾಗ, ಎಂಜಿನ್ನಿನ ತಲೆಗೆ ಎಣ್ಣೆ ಏರಿಸುವ ಪೈಪು ಸೀಳಿತು. ನೋಡಿ, ಎಷ್ಟಿದ್ದೀತು ಅದು? ಕಿರುಬೆರಳಿಗಿಂತ ತೆಳ್ಳಗಿನದು. ಆದರೆ ಅದಿಲ್ಲದೆ ಓಡಿಸಿದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ನು ಸೀಜ್ ಆಗಿ ನಿಂತುಬಿಡುತ್ತದೆ. ಆ ಮಾಡಲ್ಲು ತಯಾರಾಗುವುದು ನಿಂತು ಐವತ್ತು ವರ್ಷ. ಪೈಪು ಎಲ್ಲಿಂದ ಬರಬೇಕು?

ಸಾಹುಕಾರ ಹುಡುಕಿದ. ಬೆಂಗಳೂರಿನ ಗುಜರಿ ಅಂಗಡಿಗಳನ್ನು ಅಲೆದ, ಕೊಯಮತ್ತೂರಿಗೆ ಹೋದ, ಪುಣೆಯಲ್ಲಿ ಹಳೇ ಗಾಡಿ ಇಟ್ಟುಕೊಂಡವರ ಬಾಗಿಲು ತಟ್ಟಿದ. ಸಿಕ್ಕ ಒಂದು ಪೈಪು ಅರ್ಧ ಇಂಚು ಗಿಡ್ಡ, ಇನ್ನೊಂದಕ್ಕೆ ಬೋಲ್ಟು ಕೂರಲಿಲ್ಲ. ಲೇತಿನವನ ಹತ್ತಿರ ಹೊಸದಾಗಿ ಮಾಡಿಸಿದ್ದು ಚೆನ್ನಾಗಿ ಕೂತಿತು. ಸ್ಟಾರ್ಟ್ ಮಾಡಿದ್ದೇ ತಡ, ಬಿಳೀ ಪಂಚೆಯ ಮೇಲೆಲ್ಲ ಎಣ್ಣೆ!

ಅಪ್ಪನ ಕಾಲದಿಂದ ಆ ಗಾಡಿಯನ್ನು ಬಿಚ್ಚಿ ಜೋಡಿಸಿದವರು ಗ್ಯಾರೇಜಿನ ದಸ್ತಗೀರ್ ಸಾಬರು. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು:

"ಅಲ್ಲಾ ಸಾವ್ಕಾರ್ರೇ, ನಿಮ್ ತಂದೆಯವ್ರು ಇದ್ರ ಸ್ಪೇರೆಲ್ಲ ಒಂದ್ ಬಿಸ್ಕತ್ ಡಬ್ಬೀಲಿ ಇಟ್ಟಿದ್ರಲ್ಲ. ಆಯಿಲ್ ಪೈಪು ನಾನೇ ತಂದ್ಕೊಟ್ಟಿದ್ದೆ. ಆ ಡಬ್ಬಿ ಎಲ್ಲಿ?"

ಸಾಹುಕಾರ ಪಂಚೆಯ ಮೇಲಿನ ಎಣ್ಣೆ ಒರೆಸತೊಡಗಿದ.

ಗೊತ್ತಿರಲಿಲ್ಲವೇ ಅವನಿಗೆ? ಚೆನ್ನಾಗಿ ಗೊತ್ತಿತ್ತು! ಅಪ್ಪ ಹೋದ ಮೇಲೆ ಅಣ್ಣ ತಮ್ಮ ಪಾಲಾದರು. ಪಂಚರು ಸಾಮಾನಿನ ಪಟ್ಟಿ ಹಿಡಿದು, ಒಂದು ಇವನಿಗೆ, ಒಂದು ಅವನಿಗೆ ಎಂದು ಹಂಚುತ್ತಾ ಬಂದರು. ಗಾಡಿ ತಮ್ಮನಿಗೆ, ಅಂದರೆ ನಮ್ಮ ಸಾಹುಕಾರನಿಗೆ ಬಂತು. ಅದರ ಕೆಳಗಿನ ಸಾಲೇ ಡಬ್ಬಿ, ಅದು ಅಣ್ಣನಿಗೆ ಹೋಯಿತು. ಗಾಡಿಯಿಲ್ಲದವನಿಗೆ ಡಬ್ಬಿ ಯಾತಕ್ಕೆ? ಡಬ್ಬಿಯಿಲ್ಲದೆ ಗಾಡಿ ಎಷ್ಟು ದಿನ? ಯಾರಾದರೂ ಕೇಳಿದರೇ? ಇಲ್ಲ. ಪಾಲು ಸಮವಾಯಿತೆಂದು ಎಲ್ಲರೂ ಎದ್ದು ಹೋದರು.

ತಾನಾಗಿ ಡಬ್ಬಿ ಕೊಡಲಿಲ್ಲವೆಂದು ತಮ್ಮನಿಗೆ ಮುನಿಸು, ಗಾಡಿ ಕೈತಪ್ಪಿತೆಂದು ಅಣ್ಣನಿಗೆ; ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಅಣ್ಣನ ಮನೆಯೇನು ದೂರವೇ? ಹಿಂದಿನ ಬೀದಿ. ಸಮಾಧಿಗೂ ತಮ್ಮ ಬೆಳಗ್ಗೆ ಹೋದರೆ ಅಣ್ಣ ಮಧ್ಯಾಹ್ನ ಹೋಗುತ್ತಿದ್ದ. ಪುಣೆಗೆ ಹೋಗಿ ಬಂದ ಮನುಷ್ಯನಿಗೆ ಹಿಂದಿನ ಬೀದಿಗೆ ಹೋಗಲಾಗಲಿಲ್ಲ, ನೋಡಿ! ಯಾಕೆ? ಶಾಲೆಗೆ, ಮಠಕ್ಕೆ ಧಾರಾಳವಾಗಿ ಕೊಟ್ಟವನು ಅವನು. ಅವನಿಗೆ ಕೊಟ್ಟು ಅಭ್ಯಾಸ. ಕೇಳಿ ಅಭ್ಯಾಸವಿಲ್ಲ. ಕೇಳಿ, ಅಣ್ಣ ಇಲ್ಲ ಎಂದುಬಿಟ್ಟರೆ? ಆ ಭಯವೇ ಅವನನ್ನು ಊರೂರು ಅಲೆಸಿತು.

ಎರಡೇ ದಿನ ಉಳಿದಾಗ ಸಾಹುಕಾರ ಬೆಳಗ್ಗೆ ಎದ್ದವನು ನಡೆದುಕೊಂಡೇ ಹಿಂದಿನ ಬೀದಿಗೆ ಹೋದ. ಅಣ್ಣ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ.

"ಅಣ್ಣಾ... ಅಪ್ಪನ ಗಾಡೀಗೆ ಆಯಿಲ್ ಪೈಪು ಬೇಕಿತ್ತು."

ಅಣ್ಣ ಅವರೆಕಾಯಿ ಪಕ್ಕಕ್ಕಿಟ್ಟು, ಎದ್ದು ಒಳಗೆ ಹೋದ. ಆ ಎರಡು ನಿಮಿಷ ಸಾಹುಕಾರನಿಗೆ ನಿಂತ ನೆಲವೇ ಸುಡುತ್ತಿತ್ತು. ಅಣ್ಣ ಡಬ್ಬಿ ತಂದು ಮುಚ್ಚಳ ತೆಗೆದ. ಪೈಪನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಬಟ್ಟೆಯ ಎಣ್ಣೆ ಇನ್ನೂ ಆರಿರಲಿಲ್ಲ.

"ವರ್ಷಾವರ್ಷ ಆಯುಧಪೂಜೆಗೆ ತೆಗ್ದು, ಒರೆಸಿ, ಎಣ್ಣೆ ಹಚ್ಚಿಡ್ತೀನಿ. ತುಕ್ಕು ಹಿಡೀಬಾರ್ದಲ್ಲ. ಇಷ್ಟ್ ದಿನ ಯಾಕೋ ಬರ್ಲಿಲ್ಲ?"

"ನೀನು ಕೊಡಲ್ಲ ಅನ್ಕೊಂಡಿದ್ದೆ."

"ಕೇಳಿದ್ಯೇನೋ ನೀನು? ಹದಿನಾಲ್ಕು ವರ್ಷದಲ್ಲಿ ಒಂದ್ಸಲ, ಒಂದೇ ಒಂದ್ಸಲ ಬಂದು ಕೇಳಿದ್ಯಾ?"

ಸಾಹುಕಾರ ಜಗಲಿಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅತ್ತಿಗೆ ಬಂದು ಇಬ್ಬರಿಗೂ ನೀರು ಕೊಟ್ಟಳು. ಎರಡು ದಿನ ಕಳೆದು ಗಾಡಿ ಸಮಾಧಿಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಅಣ್ಣ ಕೂತಿದ್ದ.

ಚೆನ್ನಾಗಿದೆ ಕಥೆ ಎಂದು ತಲೆದೂಗಿ ಎದ್ದು ಹೋಗಬೇಡಿ. ನಿಮಗೂ ಒಂದು ಬೀದಿ ಇದೆ. ಅದನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಇವತ್ತೂ ಈ ಮಠಕ್ಕೆ ಬಂದಿದ್ದೀರಿ. ಅವರನ್ನು ಕ್ಷಮಿಸಿ, ಜಗಳ ಬಿಡಿ ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿದೆ. ಒಂದು ಸಣ್ಣ ಕೆಲಸ ಹೇಳುತ್ತೇನೆ. ಆ ಬಾಗಿಲಿಗೆ ಹೋಗಿ, ಏನಾದರೂ ಕೇಳಿ. ತಾಯಂದಿರೇ, ಓರಗಿತ್ತಿಯ ಹತ್ತಿರ ಹಾಲಿಗೆ ಹಾಕಲು ಒಂದು ಚಮಚ ಹೆಪ್ಪು ಕೇಳಿ. ಗಂಡಸರೇ, ಏಣಿ ಕೇಳಿ, ಹಾರೆ ಕೇಳಿ. ಮನೆಯಲ್ಲಿದ್ದರೂ ಕೇಳಿ! ಕೇಳುವಾಗ ತಲೆ ತಗ್ಗುತ್ತದೆ. ತಗ್ಗಲಿ. ಇಲ್ಲ ಎಂದರೆ? ಎನ್ನಲಿ, ನಾಳೆ ಮತ್ತೆ ಹೋಗಿ ಕೇಳಿ.

ಇವತ್ತು ಪ್ರಸಾದ ಒಂದು ಗಂಟೆ ತಡ, ಅಡುಗೆಯವರಿಗೆ ಹೇಳಿದ್ದೇನೆ. ಹೋಗಿ ಬನ್ನಿ. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ, ಎಲೆ ಹಾಕಿಸಿರುತ್ತೇನೆ.